ಅಲಗಿಗೆ ಹೊದಿಸುವ ಹಾಳೆ

ಚೂರಿಯೊಂದನ್ನು ಕೊಳ್ಳಹೋದವನು ಅಂಗಡಿಯಲ್ಲಿ ಮೊದಲು ನೋಡುವುದು ಅದರ ಹೊಳಪನ್ನು, ಆಮೇಲೆ ಹಿಡಿಯ ಅಂದವನ್ನು, ಕೊನೆಗೆ ಬೆಲೆಯನ್ನು. ಅದರ ಉಕ್ಕು ಯಾವ ಜಾತಿಯದು, ಅದಕ್ಕೆ ಹದ ಕೊಟ್ಟ ಕ್ರಮವೆಂತಹುದು, ನಿಗಿನಿಗಿ ಕಾಯ್ದಿದ್ದ ಹೊತ್ತಿನಲ್ಲಿ ಅದನ್ನು ಗಾಳಿಯ ಸೋಂಕಿನಿಂದ ಕಾಪಾಡಿದವರುಂಟೆ ಎಂಬ ಪ್ರಶ್ನೆಗಳು ಅವನ ನಾಲಗೆಗೆ ಬರುವುದೇ ಇಲ್ಲ. ಅಲಗಿನ ಹಣೆಬರಹ ನಿಶ್ಚಯವಾಗುವುದಾದರೋ ಆ ಹೊತ್ತಿನಲ್ಲಿಯೇ. ಕುಲುಮೆಗೆ ಇಡುವ ಮುನ್ನ ಅಲಗನ್ನು ತೆಳ್ಳನೆಯ ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತಿ ಮುಚ್ಚುವ ಕೆಲಸವನ್ನು ದಂಡದ ದುಡಿಮೆಯೆಂದು ತಳ್ಳಿಹಾಕುವ ಕುಶಲಕರ್ಮಿಗಳುಂಟು. ಗಾಳಿಯಲ್ಲಿಯೇ ಗಟ್ಟಿಗೊಳ್ಳುವ ಉಕ್ಕುಗಳ ಮಟ್ಟಿಗೆ, ಚೂರಿಗೆ ನಾವು ತೆರುವ ಬೆಲೆಯಲ್ಲಿ ಹೊಳಪಿಗೆ ಸಲ್ಲುವುದಕ್ಕಿಂತ ಹೆಚ್ಚಿನ ಪಾಲು ಆ ದುಡಿಮೆಗೆ ಸಲ್ಲತಕ್ಕದ್ದೆಂದು ನನ್ನ ಮತ.

ಉಕ್ಕಿನ ಕಾಠಿಣ್ಯಕ್ಕೆ ಆಧಾರ ಅದರೊಳಗಿನ ಇಂಗಾಲ. ಅಚ್ಚುಗಳಿಗೂ ಚೂರಿಗಳಿಗೂ ಬಳಕೆಯಾಗುವ ಡಿ-೨ ಎಂಬ ಉಕ್ಕಿನಲ್ಲಿ ಶೇಕಡ ೧.೫ರಷ್ಟು ಇಂಗಾಲವೂ ೧೨ರಷ್ಟು ಕ್ರೋಮಿಯಂ ಲೋಹವೂ ಇರುವುವು. ಅದನ್ನು ಗಟ್ಟಿಗೊಳಿಸಬೇಕಾದರೆ ಸುಮಾರು ೧೦೧೦ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಅರ್ಧ ಗಂಟೆಯಷ್ಟು ಕಾಲ ಇರಿಸಬೇಕು. ಅಂತಹ ಉಷ್ಣದಲ್ಲಿ ಗಾಳಿಯ ಆಮ್ಲಜನಕವು ಎರಡು ಬಗೆಯ ಕೇಡನ್ನು ಮಾಡುವುದು: ಕಬ್ಬಿಣದೊಡನೆ ಕೂಡಿ ಮೈಮೇಲೆಲ್ಲ ಕಪ್ಪು ಹಕ್ಕಳೆಯನ್ನು ಎಬ್ಬಿಸುವುದು ಒಂದು, ಮೇಲ್ಪದರದ ಇಂಗಾಲವನ್ನು ಅನಿಲರೂಪದಲ್ಲಿ ಕದ್ದೊಯ್ಯುವುದು ಇನ್ನೊಂದು. ಹಕ್ಕಳೆ ಕಣ್ಣಿಗೆ ಕಾಣುವುದರಿಂದ ಅದನ್ನು ಉಜ್ಜಿ ತೆಗೆಯಬಹುದು. ಇಂಗಾಲ ಕಳೆದುಕೊಂಡ ಪದರವಾದರೋ ನೋಟಕ್ಕೆ ಅಪ್ಪಟ ಉಕ್ಕಿನಂತೆಯೇ ಮಿರುಗುತ್ತ, ಗುಣದಲ್ಲಿ ಬರಿಯ ಮೆದು ಕಬ್ಬಿಣವಾಗಿರುವುದು. ಹೊಸ ಚೂರಿ ನಾಲ್ಕು ದಿನ ಈರುಳ್ಳಿ ಹೆಚ್ಚುವಷ್ಟರಲ್ಲಿ ಮೊಂಡಾಗಿ, ಹಲವು ಬಾರಿ ಸಾಣೆ ಹಿಡಿಸಿದ ಮೇಲೆ ತಾನಾಗಿಯೇ ಚುರುಕಾಗುವ ವಿಚಿತ್ರವನ್ನು ಅಡುಗೆಮನೆಯವರು ಕೆಲವರಾದರೂ ಕಂಡಿರಬಹುದು. ಕೆಟ್ಟ ಪದರ ಸವೆದು ಒಳಗಿನ ನಿಜವಾದ ಉಕ್ಕು ಆಗಷ್ಟೇ ಬಾಯಿಗೆ ಬಂದಿರುವುದು ಅನೇಕ ವೇಳೆ ಇದರ ಗುಟ್ಟು.

ಈ ಕಳವನ್ನು ತಡೆಯುವ ಹಾಳೆಯ ದಪ್ಪ ಕೇವಲ ೦.೦೫ ಮಿಲಿಮೀಟರ್. ೩೨೧ ಎಂಬ ಬಗೆಯ ಹಾಳೆ ಸುಮಾರು ೧೦೯೦ ಡಿಗ್ರಿಯವರೆಗೂ, ೩೦೯ ಎಂಬುದು ೧೨೨೦ರ ಆಸುಪಾಸಿನವರೆಗೂ ತಾಳಬಲ್ಲುದು. ಅಲಗಿನ ಜಿಡ್ಡನ್ನೂ ಬೆರಳಿನ ಗುರುತನ್ನೂ ಒರೆಸಿ ತೆಗೆದು, ಹಾಳೆಯ ನಡುವೆ ಮಲಗಿಸಿ, ತೆರೆದ ಮೂರು ಅಂಚುಗಳನ್ನು ಕರ್ಜಿಕಾಯಿಯ ಅಂಚು ಮಡಿಸಿದಂತೆ ಮಡಿಸಿ, ಮಡಿಸಿದ್ದನ್ನು ಮತ್ತೊಮ್ಮೆ ಮಡಿಸಿ, ಉರುಳೆಯಿಂದ ಒತ್ತಿ ಸಪಾಟು ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಅಲಗಿನ ತುದಿ ಸೂಜಿಯಂತೆ ಹಾಳೆಯನ್ನು ತೂತು ಮಾಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬಲ್ಲವರು ಆ ತುದಿಗೆ ಇನ್ನೊಂದು ಪದರವನ್ನು ಹೊದಿಸುವರು. ಒಳಗೆ ಸಿಕ್ಕಿಬಿದ್ದ ಗಾಳಿಯ ಆಮ್ಲಜನಕ ಉರಿದು ತೀರಲೆಂದು ಅಲಗಿಗೆ ತಾಗದಂತೆ ಒಂದು ಚೂರು ಕಾಗದವನ್ನೂ ಇಡುವುದುಂಟು. ಹೆಚ್ಚು ಇಟ್ಟರೆ ಹೊಗೆ ತುಂಬಿ ಪೊಟ್ಟಣವೇ ಉಬ್ಬುವುದು. ಕೈಗವಸು ತೊಡದೆ ಈ ಕೆಲಸಕ್ಕೆ ಕೂತವನ ಬೆರಳು ಕುಯ್ಯದೆ ಉಳಿಯದು. ಅಲಗಿಗೆ ಇನ್ನೂ ಹರಿತವೇ ಬಂದಿಲ್ಲದ ಆ ಹಂತದಲ್ಲಿ ಅದರ ಹೊದಿಕೆಯೇ ಅದಕ್ಕಿಂತ ಕ್ರೂರಿ.

ಕುಲುಮೆಯಿಂದ ತೆಗೆದ ಪೊಟ್ಟಣವನ್ನು ಬಿಚ್ಚದೆ, ಹಾಗೆಯೇ ಎರಡು ದಪ್ಪ ಅಲ್ಯೂಮಿನಿಯಂ ಫಲಕಗಳ ನಡುವೆ ಅದುಮಿ ಹಿಡಿದರೆ ಫಲಕಗಳು ಶಾಖವನ್ನು ಹೀರಿಕೊಳ್ಳುವುವು. ಅಲಗು ಡೊಂಕಾಗದೆ ಗಟ್ಟಿಗೊಳ್ಳುವುದು. ಬಿಚ್ಚಿ ನೋಡಿದರೆ ಒಳಗಿಟ್ಟಾಗ ಇದ್ದ ಉಕ್ಕಿನ ಬಣ್ಣವೇ ಬಹುಮಟ್ಟಿಗೆ ಉಳಿದಿರುವುದು.

ಇದಕ್ಕೆ ವಿರೋಧವಾಗಿ ಹೇಳುವ ವಾದವೊಂದುಂಟು: ಅಲಗನ್ನು ಕೊಂಚ ದಪ್ಪವಾಗಿಯೇ ಬಿಟ್ಟು, ಬಯಲಿನಲ್ಲಿ ಕಾಯಿಸಿ, ಕೆಟ್ಟ ಪದರವನ್ನು ಆಮೇಲೆ ಸಾಣೆಯಲ್ಲಿ ಸವೆಸಿದರಾಯಿತು, ಹಾಳೆಯ ಖರ್ಚೂ ಉಳಿಯಿತು, ಹೊತ್ತೂ ಉಳಿಯಿತು ಎಂದು. ನೋಡುವುದಕ್ಕೆ ಇದು ಜಾಣತನ. ಆದರೆ ಗಟ್ಟಿಗೊಂಡ ಉಕ್ಕನ್ನು ಸವೆಸುವುದು ಮೆದು ಉಕ್ಕನ್ನು ಸವೆಸಿದಷ್ಟು ಸುಲಭವಲ್ಲ. ಅದಕ್ಕೆ ಸಾಣೆಪಟ್ಟಿಗಳ ಮೇಲೆ ಪಟ್ಟಿ ಖರ್ಚಾಗುವುದಲ್ಲದೆ, ಉಜ್ಜುವಾಗ ಹುಟ್ಟುವ ಶಾಖವು ತೆಳುವಾದ ಬಾಯಿಯ ಹದವನ್ನೇ ಕೆಡಿಸಬಲ್ಲುದು. ಎಲ್ಲಕ್ಕೂ ಮಿಗಿಲಾಗಿ, ಎಷ್ಟು ಆಳದವರೆಗೆ ಇಂಗಾಲ ಹೋಗಿದೆಯೆಂಬುದನ್ನು ಬರಿಗಣ್ಣು ತಿಳಿಸಲಾರದು. ಸವೆಸುವವನು ಅಂದಾಜಿನ ಮೇಲೆ ನಿಲ್ಲಿಸುವನು, ಅಂದಾಜು ತಪ್ಪಿದ್ದರ ಫಲವನ್ನು ಕೊಂಡವನು ಉಣ್ಣುವನು. ನಿರ್ವಾತ ಕುಲುಮೆಯುಳ್ಳವರಿಗೆ ಈ ಹಾಳೆಯ ಹಂಗಿಲ್ಲ, ನಿಜ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಅಂತಹವರಿಂದ ಹದ ಮಾಡಿಸಿಕೊಳ್ಳುವುದೂ ಸಾಧ್ಯ. ನಾನು ಹೇಳುತ್ತಿರುವುದು ಸಣ್ಣ ವಿದ್ಯುತ್ ಕುಲುಮೆಯೊಂದನ್ನೇ ನೆಚ್ಚಿ, ಒಂದೆರಡು ಅಲಗುಗಳನ್ನು ಸ್ವಂತ ಕೈಯಿಂದ ಹದಗೊಳಿಸುವವರನ್ನು ಕುರಿತು.

ಅಂತೆಂದು ಕಂಡ ಕಂಡ ಉಕ್ಕಿಗೆಲ್ಲ ಹಾಳೆ ಸುತ್ತುವ ಉತ್ಸಾಹವೂ ಅವಿವೇಕವೇ ಸರಿ. ೧೦೯೫ ಎಂಬ ಸಾದಾ ಇಂಗಾಲದ ಉಕ್ಕು ಸುಮಾರು ೮೦೦ ಡಿಗ್ರಿಯಿಂದ ಇಳಿಯುತ್ತ ೫೪೦ರ ಸುತ್ತಣ ಘಟ್ಟವನ್ನು ಒಂದು ಸೆಕೆಂಡಿನೊಳಗಾಗಿ ದಾಟದಿದ್ದರೆ ಗಟ್ಟಿಗೊಳ್ಳದು. ಪೊಟ್ಟಣ ಬಿಚ್ಚುವಷ್ಟರಲ್ಲಿ ಆ ಕ್ಷಣ ಕಳೆದುಹೋಗಿರುವುದು; ಬಿಚ್ಚದೆ ಎಣ್ಣೆಗೆ ಅದ್ದಿದರೆ ಎಣ್ಣೆ ಅಲಗನ್ನು ಮುಟ್ಟದು. ನಮ್ಮ ಕಮ್ಮಾರರು ಮಚ್ಚು ಕುಡುಗೋಲುಗಳನ್ನು ಬರಿದಾಗಿಯೇ ಕಾಯಿಸಿ ಥಟ್ಟನೆ ಅದ್ದುವುದು ಅವರ ಉಕ್ಕಿಗೆ ತಕ್ಕ ರೀತಿಯೇ ಆಗಿದೆ. ಅಮೆರಿಕದ ಚೂರಿ ತಯಾರಕ ಬಾಬ್ ಲವ್‌ಲೆಸ್ ೧೯೭೦ರ ದಶಕದಲ್ಲಿ ಚೂರಿಗೆ ಬಳಸಿದ ೧೫೪-ಸಿಎಂ ಎಂಬ ಉಕ್ಕಿನ ಜಾತಿಯೇ ಬೇರೆ. ಅದರ ವಿಧಿಯನ್ನು ಇದಕ್ಕೂ, ಇದರ ವಿಧಿಯನ್ನು ಅದಕ್ಕೂ ಅಂಟಿಸಲಾಗದು.

ಕೆಂಪಗೆ ಕಾಯ್ದ ಲೋಹವನ್ನು ಗಾಳಿಗೆ ಮರೆಮಾಡುವ ಉಪಾಯ ಈ ನೆಲಕ್ಕೆ ಹೊಸದೇನೂ ಅಲ್ಲ. ಫ್ರಾನ್ಸಿಸ್ ಬುಕಾನನ್ ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ೧೮೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಲ್ಲಿಯವರು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಯೊಡನೆಯೂ ಹಸಿರೆಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ ಉಕ್ಕು ಮಾಡುತ್ತಿದ್ದುದನ್ನು ವರ್ಣಿಸಿರುವನು. ಅವರ ಉದ್ದೇಶ ಇಂಗಾಲವನ್ನು ಒಳಸೇರಿಸುವುದು. ಹಾಳೆಯ ಉದ್ದೇಶ ಇದ್ದುದನ್ನು ಬಿಟ್ಟುಕೊಡದಿರುವುದು.

ಹೀಗಿರಲಾಗಿ, ಕೈಯಿಂದ ಚೂರಿ ಮಾಡಿ ಮಾರುವವರು ಉಕ್ಕಿನ ಹೆಸರನ್ನೂ, ಹದ ಕೊಟ್ಟ ಉಷ್ಣವನ್ನೂ, ಮರೆಮಾಡಿದ ಬಗೆಯನ್ನೂ, ಪರೀಕ್ಷಿಸಿದ್ದಾದರೆ ಕಾಠಿಣ್ಯದ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲೆಂದು ನನ್ನ ಕೋರಿಕೆ. ಹಾಳೆ ಸುತ್ತಲು ತಗುಲಿದ ಹೊತ್ತಿನ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸಲು ಅವರು ಸಂಕೋಚಪಡಬೇಕಾಗಿಲ್ಲ. ಹಾಗೆ ಕಾಣಿಸಿದ ದಿನ, ಕನ್ನಡಿಯಂತೆ ಹೊಳೆಯುವ ಅಗ್ಗದ ಚೂರಿಯ ಪಕ್ಕದಲ್ಲಿ ತಮ್ಮದು ಏಕೆ ದುಬಾರಿಯೆಂದು ಗಿರಾಕಿಗೆ ಬಾಯಿಬಿಟ್ಟು ಹೇಳುವ ತೊಂದರೆಯೂ ಅವರಿಗೆ ತಪ್ಪುವುದು.