ತಟಸ್ಥತೆಯ ಬೆಲೆ: ಐರ್ಲೆಂಡಿನ ನಿದರ್ಶನ

1945ರ ಮೇ 2ರಂದು ಐರ್ಲೆಂಡಿನ ಪ್ರಧಾನಿ ಈಮನ್ ಡಿ ವಲೇರಾ ಜರ್ಮನಿಯ ರಾಜಪ್ರತಿನಿಧಿ ಎಡ್ವರ್ಡ್ ಹೆಂಪೆಲ್‌ರನ್ನು ಭೇಟಿಯಾಗಿ ಹಿಟ್ಲರನ ಮರಣಕ್ಕೆ ಸಂತಾಪ ಸೂಚಿಸಿದರು. ಐರಿಷ್ ತಟಸ್ಥ ನೀತಿಯ ವಿಮರ್ಶೆ ಬಹುಮಟ್ಟಿಗೆ ಈ ಘಟನೆಯಿಂದ ಹೊರಟು ಇದರಲ್ಲಿಯೇ ನಿಂತುಬಿಡುತ್ತದೆ. ಆ ಭೇಟಿ ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ರಾಷ್ಟ್ರದ ನೀತಿಯನ್ನು ಒಂದು ದಿನದ ಶಿಷ್ಟಾಚಾರದಿಂದ ಅಳೆಯುವುದು ಇತಿಹಾಸದ ಕ್ರಮವಲ್ಲ.

ಐರ್ಲೆಂಡಿನ ತಟಸ್ಥತೆ ಮೂಲತಃ ಧರ್ಮಪ್ರಶ್ನೆಯಾಗಿರಲಿಲ್ಲ, ಸಾರ್ವಭೌಮತ್ವದ ಪ್ರಶ್ನೆಯಾಗಿತ್ತು. 1921ರ ಒಪ್ಪಂದದ ಬಳಿಕವೂ ಬ್ರಿಟನ್ ತನ್ನಲ್ಲಿ ಉಳಿಸಿಕೊಂಡಿದ್ದ ಮೂರು ಬಂದರುಗಳು ಐರ್ಲೆಂಡಿಗೆ ಮರಳಿದ್ದು 1938ರಲ್ಲಿ. ಅವು ಬ್ರಿಟನ್ನಿನ ವಶದಲ್ಲಿದ್ದಿದ್ದರೆ ಮರುವರ್ಷದ ತಟಸ್ಥತೆಯ ಘೋಷಣೆ ಬರಿಯ ಮಾತಾಗುತ್ತಿತ್ತು. ಇನ್ನೊಬ್ಬರ ಯುದ್ಧದಿಂದ ದೂರವಿರಬಲ್ಲೆವೆಂದು ತೋರಿಸುವುದೇ ಆ ಎಳೆಯ ರಾಷ್ಟ್ರಕ್ಕೆ ಸ್ವಾತಂತ್ರ್ಯದ ಪ್ರಮಾಣವಾಗಿತ್ತು.

ಆಚರಣೆಯಲ್ಲಿ ಈ ತಟಸ್ಥತೆ ಸಮತೂಕದ್ದಾಗಿರಲಿಲ್ಲ. ಐರಿಷ್ ನೆಲದಲ್ಲಿಳಿದ ಮಿತ್ರಪಕ್ಷದ ವಿಮಾನಿಗಳಲ್ಲಿ ಹೆಚ್ಚಿನವರನ್ನು ಸದ್ದಿಲ್ಲದೆ ಗಡಿ ದಾಟಿಸಲಾಯಿತು, ಜರ್ಮನರನ್ನು ಬಂಧನದಲ್ಲಿಡಲಾಯಿತು. 1944ರ ನಾರ್ಮಂಡಿ ಆಕ್ರಮಣದ ದಿನವನ್ನು ನಿರ್ಧರಿಸಿದ ಹವಾಮಾನ ವರದಿಗಳಲ್ಲಿ ಐರ್ಲೆಂಡಿನ ಬ್ಲಾಕ್‌ಸಾಡ್ ಕೇಂದ್ರದ ವರದಿಯೂ ಸೇರಿತ್ತು. 1941ರ ಏಪ್ರಿಲ್‌ನಲ್ಲಿ ಬೆಲ್‌ಫಾಸ್ಟ್ ನಗರ ಜರ್ಮನ್ ಬಾಂಬುಗಳಿಂದ ಉರಿಯುತ್ತಿದ್ದಾಗ ಡಬ್ಲಿನ್ನಿನ ಅಗ್ನಿಶಾಮಕ ದಳಗಳು ಗಡಿ ದಾಟಿ ಧಾವಿಸಿದವು.

ಇನ್ನೊಂದು ಮುಖವೂ ಇದೆ. ಯೆಹೂದಿ ನಿರಾಶ್ರಿತರಿಗೆ ಐರ್ಲೆಂಡ್ ತೆರೆದ ಬಾಗಿಲು ತೀರ ಕಿರಿದಾಗಿತ್ತು. ಐರಿಷ್ ಸೇನೆಯನ್ನು ತೊರೆದು ಬ್ರಿಟಿಷ್ ಪಡೆಗಳಲ್ಲಿ ಹೋರಾಡಿ ಮರಳಿದ ಸುಮಾರು 5,000 ಮಂದಿಗೆ ಏಳು ವರ್ಷ ಸರ್ಕಾರಿ ಉದ್ಯೋಗ ನಿರಾಕರಿಸಲಾಯಿತು. ಅವರಿಗೆ ಶಾಸನಬದ್ಧ ಕ್ಷಮೆ ದೊರೆತದ್ದು 2013ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹುಪಾಲು ಮಂದಿ ಗತಿಸಿದ್ದರು.

ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುತ್ತದೆ. ಮಾಧ್ಯಸ್ಥ್ಯವನ್ನು ವಿಧಿಸಿರುವುದು ತಿದ್ದಲಾಗದವರ ವಿಷಯದಲ್ಲಿ. ನೊಂದವರ ವಿಷಯದಲ್ಲಿ ವಿಧಿಸಿರುವುದು ಕಾರುಣ್ಯವನ್ನೇ. ಈ ವಿವೇಕವನ್ನು ರಾಜನೀತಿಗೆ ಅನ್ವಯಿಸಿದರೆ ಐರ್ಲೆಂಡಿನ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ. ಬೆಲ್‌ಫಾಸ್ಟಿಗೆ ಹೋದ ದಳಗಳಲ್ಲಿ ಕಾರುಣ್ಯವಿತ್ತು. ನಿರಾಶ್ರಿತರ ಪ್ರಶ್ನೆಯಲ್ಲಿ ಮಾಧ್ಯಸ್ಥ್ಯವು ಔದಾಸೀನ್ಯವಾಗಿ ಇಳಿಯಿತು. ಮೇ 2ರ ಭೇಟಿಯಲ್ಲಿ ಕೊಂದವನಿಗೂ ಕೊಲ್ಲಲ್ಪಟ್ಟವರಿಗೂ ನಡುವಿನ ಭೇದವೇ ಶಿಷ್ಟಾಚಾರದಲ್ಲಿ ಮರೆಯಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1949ರಲ್ಲಿ ಐರ್ಲೆಂಡ್ ನ್ಯಾಟೋ ಕೂಟವನ್ನು ಸೇರಲಿಲ್ಲ. ಆಗ ಮುಂದಿಟ್ಟ ಕಾರಣವೂ ಶಾಂತಿಯಲ್ಲ, ದೇಶವಿಭಜನೆ. 1946ರಲ್ಲಿ ಸೋವಿಯತ್ ವಿರೋಧದಿಂದ ತಡೆಹಿಡಿಯಲ್ಪಟ್ಟ ವಿಶ್ವಸಂಸ್ಥೆಯ ಸದಸ್ಯತ್ವ 1955ರಲ್ಲಿ ದೊರೆತ ಬಳಿಕವೇ ತಟಸ್ಥತೆ ಹೊಸ ಅರ್ಥ ಪಡೆಯಿತು. ವಿದೇಶಾಂಗ ಸಚಿವ ಫ್ರಾಂಕ್ ಐಕೆನ್ 1957ರಲ್ಲಿ ಅಮೆರಿಕದ ಅಸಮಾಧಾನವನ್ನು ಲೆಕ್ಕಿಸದೆ ಚೀನಾದ ಪ್ರಾತಿನಿಧ್ಯದ ಪ್ರಶ್ನೆ ಚರ್ಚೆಗೆ ಬರಲೆಂದು ಮತ ನೀಡಿದರು. ಪರಮಾಣು ಅಸ್ತ್ರಗಳ ಹರಡುವಿಕೆಯನ್ನು ತಡೆಯಬೇಕೆಂಬ ಅವರ ನಿರ್ಣಯವನ್ನು 1961ರಲ್ಲಿ ಮಹಾಸಭೆ ಅವಿರೋಧವಾಗಿ ಅಂಗೀಕರಿಸಿತು; 1968ರ ಒಪ್ಪಂದಕ್ಕೆ ಅದೇ ಬುನಾದಿ. 1960ರ ನವೆಂಬರ್‌ನಲ್ಲಿ ಕಾಂಗೋದ ನಿಯೆಂಬಾದಲ್ಲಿ ಒಂಬತ್ತು ಐರಿಷ್ ಶಾಂತಿಪಾಲಕರು ಹತರಾದರು. ಯುದ್ಧಕಾಲದಲ್ಲಿ ತನ್ನ ರಕ್ಷಣೆಗೆಂದು ದೂರ ಸರಿದಿದ್ದ ದೇಶ, ಈಗ ಪರರ ಶಾಂತಿಗಾಗಿ ಪ್ರಾಣವನ್ನೇ ತೆತ್ತಿತು.

ಉಕ್ರೇನ್ ಯುದ್ಧದ ಅನಂತರ ಐರ್ಲೆಂಡಿನಲ್ಲಿ ತಟಸ್ಥತೆಯ ಚರ್ಚೆ ಮತ್ತೆ ಕಾವೇರಿದೆ. ಅದನ್ನು ತ್ಯಜಿಸಬೇಕೆನ್ನುವವರು 1945ನ್ನು ನೆನೆಯುತ್ತಾರೆ, ಉಳಿಸಬೇಕೆನ್ನುವವರು 1961ನ್ನು. ಎರಡೂ ಒಂದೇ ನೀತಿಯ ಫಲಗಳೆಂಬುದನ್ನು ಮರೆಯಬಾರದು. ಪಕ್ಷ ವಹಿಸದಿರುವುದು ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಹಾಗೆ ಉಳಿಸಿಕೊಂಡ ಸ್ವಾತಂತ್ರ್ಯವನ್ನು ಯಾರಿಗಾಗಿ ಬಳಸಲಾಯಿತು ಎಂಬುದರಿಂದಲೇ ಅದರ ಮೌಲ್ಯ ನಿರ್ಣಯವಾಗುತ್ತದೆ.