ಕಣಜ ಗೂಬೆಯ ಪಕ್ಷ ವಹಿಸಿ

ಪುತ್ತೂರಿನಿಂದ ಸುಳ್ಯದತ್ತ ಸಾಗುವ ಹೆದ್ದಾರಿಯಲ್ಲಿ ಕುಂಬ್ರದ ಪೇಟೆಯನ್ನು ಬಿಟ್ಟು ಒಳದಾರಿ ಹಿಡಿದವರಿಗೆ ಎದುರಾಗುವ ಅಡಿಕೆ ತೋಟಗಳಲ್ಲಿ, ಕೊಕ್ಕೋ ಕೋಡನ್ನು ಕೊರೆದು ಎಳನೀರನ್ನು ಉದುರಿಸುವ ಇಲಿಯನ್ನು ಶಪಿಸದ ಕೃಷಿಕನು ವಿರಳ. ಆ ಇಲಿಯನ್ನೇ ಹಿಡಿಯಲೆಂದು ಬಂದ ಕಣಜ ಗೂಬೆಯು ಮಾಡಿನ ಮೇಲೆ ಕುಳಿತು ಕಿರುಚಿದ ರಾತ್ರಿ, ಅಪಶಕುನವೆಂದು ಕಲ್ಲೆತ್ತಿಕೊಳ್ಳದವನೂ ಅಷ್ಟೇ ವಿರಳ.

ಧ್ರುವಪ್ರದೇಶದ ಹಿಮಗೂಬೆಯ ಧವಳಗರಿಯನ್ನೂ ಹಳದಿಗಣ್ಣನ್ನೂ ಚಿತ್ರದಲ್ಲಿ ಕಂಡು ನಮ್ಮ ಮಕ್ಕಳು ಬೆರಗಾಗುತ್ತಾರೆ. ಕುಲ ಬೇರೆಯಾದರೂ ಚೆಲುವಿನಲ್ಲಿ ಅದಕ್ಕೆ ಸೋಲದ ಹಕ್ಕಿಯೊಂದು ತಮ್ಮ ಅಟ್ಟದಲ್ಲಿಯೇ ಇರಬಹುದೆಂಬುದನ್ನು ಅವರಿಗೆ ಯಾರೂ ಹೇಳರು. ಹೃದಯಾಕಾರದ ಬೆಳ್ಮೊಗ, ಕಪ್ಪುಗಣ್ಣು, ಹೊನ್ನು ಬೂದು ಬೆರೆತ ಬೆನ್ನು, ಬಿಳಿಯ ಒಡಲು ಇದರ ಲಕ್ಷಣ. ಮುಖದ ಆ ತಟ್ಟೆಯು ಅಲಂಕಾರಕ್ಕಲ್ಲ. ಸದ್ದನ್ನು ಸಂಗ್ರಹಿಸಿ, ಒಂದು ಮೇಲೆ ಒಂದು ಕೆಳಗೆ ಎಂಬಂತಿರುವ ಕಿವಿಗಳಿಗೆ ಒಪ್ಪಿಸುವುದರಿಂದ, ಕಗ್ಗತ್ತಲೆಯಲ್ಲಿಯೂ ತರಗೆಲೆಯಡಿಯ ಇಲಿಯ ನೆಲೆಯನ್ನು ಅದು ಕೇಳಿಯೇ ನಿರ್ಣಯಿಸಬಲ್ಲುದು. ರೆಕ್ಕೆಯ ಮುಂಗರಿಗಳ ಅಂಚು ಬಾಚಣಿಗೆಯಂತಿರುವುದರಿಂದ ಹಾರಾಟವು ನಿಶ್ಶಬ್ದ. ಲೆಮಿಂಗ್ ಎಂಬ ಇಲಿಜಾತಿಯು ಸಮೃದ್ಧವಾದ ವರ್ಷ ಹಿಮಗೂಬೆಯು ಹೆಚ್ಚು ಮೊಟ್ಟೆಯಿಡುವಂತೆ, ಬೇಟೆ ಹೇರಳವಾದಲ್ಲಿ ಕಣಜ ಗೂಬೆಯ ಸಂಸಾರವೂ ಬೆಳೆಯುತ್ತದೆ. ನುಂಗಿದ ಇಲಿಯ ಎಲುಬು ಕೂದಲುಗಳನ್ನು ಉಂಡೆಯಾಗಿ ಕಾರುವುದರಿಂದ, ಅಟ್ಟದಡಿ ಬಿದ್ದ ಉಂಡೆಯನ್ನು ಬಿಡಿಸಿ ನೋಡಿದವನಿಗೆ ಅದರ ದುಡಿಮೆಯ ಲೆಕ್ಕ ತಾನಾಗಿಯೇ ಸಿಗುತ್ತದೆ. (ಹಗಲಿನಲ್ಲಿ ಕೊಕ್ಕೋ ತಿನ್ನುವ ಅಳಿಲಿಗೆ ಈ ಹಕ್ಕಿಯಿಂದ ಭಯವಿಲ್ಲ, ಆ ವ್ಯಾಜ್ಯ ಬೇರೆ.)

ಕಲ್ಲಿಗಿಂತ ದೊಡ್ಡ ಕೇಡು ಪಾಷಾಣದ್ದು. ಬ್ರೊಮಾಡಿಯೊಲೋನ್ ಎಂಬ ಇಲಿಪಾಷಾಣವನ್ನು ತಿಂದ ಇಲಿಯು ತತ್‌ಕ್ಷಣ ಸಾಯದೆ ಕೆಲವು ದಿನ ತೂರಾಡುತ್ತ ತಿರುಗುತ್ತದೆ. ಸುಲಭವಾಗಿ ಸಿಕ್ಕ ಅದನ್ನು ನುಂಗಿದ ಗೂಬೆಯ ಒಡಲಿಗೂ ಆ ವಿಷವು ಸೇರುತ್ತದೆ. ಹೆಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬಂದುದರಿಂದ ಗೂಡಿಗೆ ಒದಗುತ್ತಿದ್ದ ಸಂದುಗಳೂ ಕಡಿಮೆಯಾದುವು. ಪೊಟರೆಯುಳ್ಳ ಮುದಿಮರಗಳನ್ನಂತೂ ನಾವು ಮೊದಲೇ ಕಡಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಗೂಬೆಯ ಬೇಟೆಯನ್ನೂ ಮಾರಾಟವನ್ನೂ ನಿಷೇಧಿಸಿದೆಯಾದರೂ, ಗೂಡಿಗೆ ಸ್ಥಳ ಕೊಡಿಸುವುದು ಕಾಯಿದೆಯಿಂದಾಗುವ ಕೆಲಸವಲ್ಲ.

ಮಲೇಷ್ಯಾದ ತಾಳೆತೋಟಗಳಲ್ಲಿ ಕಂಬಕ್ಕೆ ಮರದ ಪೆಟ್ಟಿಗೆಯೇರಿಸಿ ಇದೇ ಬಗೆಯ ಗೂಬೆಯನ್ನು ಇಲಿಯ ನಿಗ್ರಹಕ್ಕೆ ನೆಲೆಗೊಳಿಸಿದ್ದಾರೆ. ಇಲಿಪಾಷಾಣವನ್ನು ಮಾರುವ ನಮ್ಮ ಸಹಕಾರಿ ಸಂಘಗಳು ಅಂತಹ ಪೆಟ್ಟಿಗೆಯನ್ನೂ ಮಾರಾಟಕ್ಕಿಟ್ಟರೆ, ಕೊಳ್ಳಲು ಒಬ್ಬಿಬ್ಬರಾದರೂ ಮುಂದೆ ಬಂದಾರು. ಪೆಟ್ಟಿಗೆಯಿರಿಸಿದ ತೋಟದಲ್ಲಿ ಪಾಷಾಣವನ್ನು ನಿಲ್ಲಿಸತಕ್ಕದ್ದೆಂಬ ಷರತ್ತನ್ನು ಮಾತ್ರ ಮೊದಲೇ ಹೇಳಿಬಿಡಬೇಕು.