ಹಾಲಿಗಿರುವ ಪರೀಕ್ಷೆ ಗಂಡಸಿಗಿಲ್ಲ

ನಮ್ಮ ಕಡೆಯ ಗಂಡಸರಿಗೆ ಒಂದು ಜಂಬವಿದೆ. "ಮುದ್ದೆ ಉಂಡು ಗೇಯೋ ಮೈಗೆ ಯಾವ ಕಾಯ್ಲೆ ಬತ್ತದೆ ಮೇಡಂ?" ಎನ್ನುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾನು ಪಾಠ ಹೇಳಿದ ಕಡೆಯಲ್ಲೆಲ್ಲ ಈ ಮಾತು ಕೇಳಿದ್ದೇನೆ. ನಾನಿದನ್ನು ಒಪ್ಪುವುದಿಲ್ಲ.

ಮುದ್ದೆ ಉಣ್ಣುತ್ತಾರೆ, ನಿಜ. ಆದರೆ ಅದರ ಜೊತೆಗೆ ಅನ್ನವೂ ಬೇಕು. ಉಳುವುದಕ್ಕೆ ಟ್ರ್ಯಾಕ್ಟರು, ಗದ್ದೆಗೆ ಹೋಗಲು ಬೈಕು, ಸಂಜೆಗೆ ಪ್ಯಾಕೆಟ್ಟು. ಬಗ್ಗಿ ನಾಟಿ ಹಾಕುವವರು, ಕಳೆ ಕೀಳುವವರು ಹೆಂಗಸರು. ಗೇಯ್ಮೆಯ ಜಂಬ ಮಾತ್ರ ಗಂಡಸರದು!

1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವೆನ್ 'ಸಿಂಡ್ರೋಮ್ ಎಕ್ಸ್' ಎಂದು ಕರೆದದ್ದನ್ನು ಈಗ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಲೆಕ್ಕ ಸುಲಭ. ನಮ್ಮ ದೇಶದ ಗಂಡಸಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮುಟ್ಟಿರಬೇಕು, ರಕ್ತದೊತ್ತಡ 130/85 ತಲುಪಿರಬೇಕು, ಖಾಲಿ ಹೊಟ್ಟೆಯ ಸಕ್ಕರೆ 100 ಇರಬೇಕು, ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಇರಬೇಕು, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 40ಕ್ಕಿಂತ ಕೆಳಗಿರಬೇಕು. ಐದರಲ್ಲಿ ಮೂರು ಸೇರಿದರೆ ಸಿಂಡ್ರೋಮ್. ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವ ಎಲ್ಲದಕ್ಕೂ ಇದು ಹೆದ್ದಾರಿ.

"ನನ್ನ ಶುಗರ್ ನಾರ್ಮಲ್" ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೈಯ ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಸಕ್ಕರೆಯನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುತ್ತದೆ. ಅಷ್ಟರಲ್ಲಿ ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿದಿರಬಹುದು. ಸಕ್ಕರೆ ಕೊನೆಗೆ ಕೂಗುವ ಸಾಕ್ಷಿ.

"ನಾನು ತೆಳ್ಳಗಿದ್ದೇನೆ" ಎನ್ನುವವರಿಗೂ ವಿನಾಯಿತಿಯಿಲ್ಲ. ನಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರೊಳಗೆ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲೇ ಹೃದ್ರೋಗ ಹೆಚ್ಚು ಕಂಡಿತ್ತು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ನಾವು ದಿನಾ ನೋಡುತ್ತೇವಲ್ಲ!

ಸರ್ಕಾರ 30 ದಾಟಿದವರ ತಪಾಸಣೆ ಮಾಡಿಸುತ್ತದೆ, ಸರಿ. ಆಶಾ ಕಾರ್ಯಕರ್ತೆಯ ನಮೂನೆಯಲ್ಲಿ ಸೊಂಟದ ಅಳತೆ ಇದೆ. ರಕ್ತದೊತ್ತಡ, ಸಕ್ಕರೆ, ಮೂರು ಬಗೆಯ ಕ್ಯಾನ್ಸರ್ ಪಟ್ಟಿಯಲ್ಲಿವೆ. ಟ್ರೈಗ್ಲಿಸರೈಡ್, ಎಚ್‌ಡಿಎಲ್ ಇಲ್ಲ. ಇತ್ತ ಪೇಟೆಯ ಲ್ಯಾಬುಗಳು ಹೋಮೋಸಿಸ್ಟೀನ್, ಸಿಆರ್‌ಪಿ ಎಂದು ಬಾಯಿಗೆ ಬಾರದ ಹೆಸರುಗಳ ಪ್ಯಾಕೇಜು ಮಾರುತ್ತವೆ. ಐದರ ಲೆಕ್ಕಕ್ಕೆ ಅವು ಯಾವುವೂ ಬೇಕಿಲ್ಲ. ಬೇಕಾದ ಎರಡು ಸರ್ಕಾರದ ಪಟ್ಟಿಯಲ್ಲಿಲ್ಲ, ಬೇಡದ ಹತ್ತು ಅಂಗಡಿಯಲ್ಲಿವೆ. ಇದು ನನ್ನ ತಕರಾರು. ಎಲ್ಲರಿಗೂ ಮಾಡಿಸಲು ದುಡ್ಡಿಲ್ಲವೆನ್ನುವುದಾದರೆ, ಟೇಪು 90 ಮುಟ್ಟಿದವರಿಗಾದರೂ ಮಾಡಿಸಲಿ.

ಹೆಂಗಸರು ಬಸಿರಾದಾಗಲಾದರೂ ಸೂಜಿಗೆ ಕೈ ಕೊಡುತ್ತಾರೆ. ಗಂಡಸಿಗೆ ಆ ನೆಪವೂ ಇಲ್ಲ. ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ಅವನು ತಿಂಡಿ ತಿಂದು ಹೊರಟಿರುತ್ತಾನೆ. ಅವನು ಸಿಗುವುದು ಬೆಳಗಿನ ಜಾವದ ಹಾಲಿನ ಡೇರಿಯಲ್ಲಿ. ಅಲ್ಲಿ ಎರಡು ಹೊತ್ತೂ ಹಾಲಿನ ಜಿಡ್ಡು ಅಳೆಯುತ್ತಾರೆ. ಅಂಕಿ ಸ್ವಲ್ಪ ಇಳಿದರೂ ಅವನು ಜಗಳಕ್ಕೆ ನಿಲ್ಲುತ್ತಾನೆ. ತನ್ನ ನೆತ್ತರಿನ ಜಿಡ್ಡು ಎಷ್ಟೆಂದು ಮಾತ್ರ ಅವನಿಗೂ ಗೊತ್ತಿಲ್ಲ, ಕೇಳುವವರೂ ಇಲ್ಲ. ತಿಂಗಳಿಗೊಂದು ಬೆಳಿಗ್ಗೆ, ಕಾಫಿಗೆ ಮುಂಚೆ, ಅಲ್ಲೇ ರಕ್ತ ತೆಗೆಯಲು ಏನಡ್ಡಿ?

ಇದು ಗಂಡಸರ ವಿಚಾರ, ಟೀಚರಿಗೇಕೆ ಎನ್ನಬೇಡಿ. ಅಪ್ಪನಿಗೆ ಲಕ್ವ ಹೊಡೆದ ಮನೆಯಲ್ಲಿ ಮೊದಲು ಶಾಲೆ ಬಿಡುವವಳು ಮಗಳು. ಆ ಹುಡುಗಿಯರ ಹೆಸರಿನ ಮುಂದೆ ದಿನವೂ ಗೈರುಹಾಜರಿ ಬರೆಯುವ ಕೈ ನನ್ನದು.